ಮಂಜೋ, ಹೊಗೆಯೋ

ಅವಳನ್ನು ಬೀದಿಯವರೆಲ್ಲ ಕೈಯಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರೊಂದು ಇಲ್ಲದಿರಲಿಲ್ಲ. ಆದರೆ ಕರೆಂಟ್ ಬಿಲ್ಲು ಬಿಟ್ಟರೆ ಅದನ್ನು ಬೇರೆ ಯಾರೂ ಬಳಸುತ್ತಿರಲಿಲ್ಲ. ಬೆಳಗ್ಗೆ ಕಡುನೀಲಿ ಅಂಗಿ ತೊಟ್ಟು, ಬೆರಳಿಗೆ ಉಂಗುರವಿಲ್ಲದೆ, ಉಗುರಿಗೆ ಬಣ್ಣವಿಲ್ಲದೆ ಅವಳು ಮೆಟ್ಟಿಲಿಳಿದು ಬಂದರೆ ಕೆಳಗಿನ ಸೈಕಲ್ ಅಂಗಡಿಯವನು, “ಕೈಯಕ್ಕ, ಇವತ್ತು ಯಾರ ಬಾಯಿ ನೀವು?” ಎಂದು ಕೇಳುತ್ತಿದ್ದ. “ಡಾಕ್ಟರದು,” ಎನ್ನುತ್ತಿದ್ದಳು. ಇಲ್ಲವೇ, “ವಕೀಲರದು. ಸ್ವಲ್ಪ ಹುಷಾರಾಗಿ ಮಾತಾಡು.”

ಅವಳು ದುಭಾಷಿ. ಕಿವಿ ಕೇಳಿಸುವವರು ಬಾಯಲ್ಲಿ ಆಡಿದ್ದನ್ನು ಕಿವುಡರಿಗೆ ಕೈಯಲ್ಲಿ ಹೇಳುವುದು, ಅವರು ಕೈಯಲ್ಲಿ ಆಡಿದ್ದನ್ನು ಬಾಯಲ್ಲಿ ಹೇಳುವುದು ಅವಳ ಕಸುಬು. ಅಂಗಿ ಕಡುಬಣ್ಣದ್ದೇ ಆಗಬೇಕು. ಹೂವು ಬಳ್ಳಿ ಇದ್ದರೆ ಅದರ ಮುಂದೆ ಬೆರಳುಗಳು ಕಳೆದುಹೋಗುತ್ತವೆ. ಆಸ್ಪತ್ರೆ, ಬ್ಯಾಂಕು, ಕೋರ್ಟು, ಶಾಲೆಯ ಪೋಷಕರ ಸಭೆ ಎಲ್ಲಿಗೆ ಕರೆದರೂ ಹೋಗಿ, ಮಾತಾಡುವವರ ಪಕ್ಕದಲ್ಲಿ ಒಂದು ಹೆಜ್ಜೆ ಹಿಂದೆ ನಿಂತು, ತನ್ನದಲ್ಲದ ಕೋಪ, ತನ್ನದಲ್ಲದ ಸಂತೋಷ, ತನ್ನದಲ್ಲದ ಸುಳ್ಳುಗಳನ್ನೆಲ್ಲ ಕೈಯಿಂದ ದಾಟಿಸಿ, ಸಂಜೆ ಬಕೆಟ್ಟಿನ ಬಿಸಿನೀರಿನಲ್ಲಿ ಮಣಿಕಟ್ಟು ಅದ್ದಿಕೊಂಡು ಕೂರುತ್ತಿದ್ದಳು.

ಕಲಿತದ್ದು ಎಲ್ಲೂ ಅಲ್ಲ, ಮನೆಯಲ್ಲೇ. ಅಪ್ಪ ಅಮ್ಮ ಇಬ್ಬರೂ ಕಿವುಡರು. ಅವಳ ನಂತರ ಹುಟ್ಟಿದ ತಮ್ಮನೂ ಹಾಗೆಯೇ. ಆ ಮನೆಯಲ್ಲಿ ಕಿವಿ ಕೇಳಿಸುವುದೇ ಒಂದು ಊನ. ಎಲ್ಲರೂ ಬಾಯಿತುಂಬ ಅನ್ನ ಇಟ್ಟುಕೊಂಡು ಹಾಯಾಗಿ ಹರಟುತ್ತಿರುವಾಗ ಇವಳು ಹೊರಗಿನ ಯಾವುದೋ ಸದ್ದಿಗೆ ತಲೆ ತಿರುಗಿಸಿಬಿಡುವಳು. ಮಾತಿನ ನಡುವೆ ಕಣ್ಣು ಬೇರೆ ಕಡೆ ಹೋಗುವುದೆಂದರೆ ಅಲ್ಲಿ ಮಹಾ ಅಮರ್ಯಾದೆ. ಅಮ್ಮ ಮೇಜು ತಟ್ಟಿ, “ಮತ್ತೆ ಆ ಹಾಳು ಕಿವಿ,” ಎಂದು ಕೈಯಾಡಿಸುವಳು. ಅಪ್ಪ ನಗುತ್ತ, “ಪಾಪ, ಹುಟ್ಟಿದ್ದೇ ಹಾಗೆ. ಅವಳೇನು ಮಾಡ್ತಾಳೆ?” ಎನ್ನುವನು.

ಹಾಗೆ ಹುಟ್ಟಿದ್ದರಿಂದಲೇ, ಹಲ್ಲು ಬೀಳುವ ವಯಸ್ಸಿನಲ್ಲೇ ಅವಳು ಮನೆಯ ಬಾಯಾದಳು.

ಅಮ್ಮ ಹೊಲಿಗೆಯವಳು, ದಿಂಬಿನ ಚೀಲ, ಹಾಸಿಗೆ ಹೊದಿಕೆ ಹೊಲಿಯುವವಳು. ಅವರಿದ್ದ ಕೋಣೆಗೆ ಕಿಟಕಿಯೇ ಇರಲಿಲ್ಲ. ಅದೇ ಕಟ್ಟಡದಲ್ಲಿ ಬೀದಿಯ ಕಡೆಗೊಂದು ಕೋಣೆ ಖಾಲಿಯಾದಾಗ, ಅದನ್ನು ತನಗೆ ಕೊಡಬೇಕೆಂದು ಕೇಳಲು ಮಗಳನ್ನು ಕರೆದುಕೊಂಡು ಮಾಲೀಕನ ಬಳಿ ಹೋದಳು. ಮಾಲೀಕ ಮೀಸೆ ತಿರುವಿಕೊಂಡು, “ನೋಡೋಣ. ಕೊಡಬಾರದು ಅಂತೇನಿಲ್ಲ. ನಿಮಗಲ್ಲದೆ ಯಾರಿಗೆ ಕೊಡಬೇಕು, ಆದರೂ ನೋಡೋಣ,” ಎಂದ. ಮಗು ಅಮ್ಮನ ಮುಖ ನೋಡಿತು. ಆ ಮುಖದಲ್ಲಿ ಆಗಲೇ ಕಿಟಕಿ ತೆರೆದಿತ್ತು. ಮಗುವಿನ ಕೈ ತಾನಾಗಿಯೇ, “ಕೊಡ್ತಾರಂತೆ,” ಎಂದಿತು.

ಅಮ್ಮ ಅವತ್ತೇ ಗಾಜು ಒರೆಸಿ, ಪರದೆ ಕಟ್ಟಿ, ಪಕ್ಕದ ಮನೆಯವರನ್ನು ಹಿಡಿದು ಹೊಲಿಗೆ ಯಂತ್ರವನ್ನು ಆ ಕೋಣೆಗೆ ಹೊರಿಸಿದಳು. ಸಂಜೆ ಮಾಲೀಕ ತನ್ನ ಭಾವಮೈದುನನ ಹಾಸಿಗೆ ಪೆಟ್ಟಿಗೆಗಳ ಸಮೇತ ಬಂದು ಬಾಗಿಲಲ್ಲಿ ನಿಂತ. ಯಂತ್ರ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಬೀದಿಯವರೆಲ್ಲ ನೋಡುತ್ತಿದ್ದರು.

ಅಮ್ಮ ಬೈಯಲಿಲ್ಲ. ಮಗಳನ್ನು ಮಂಡಿಯ ಮುಂದೆ ನಿಲ್ಲಿಸಿಕೊಂಡು ಕೇಳಿದಳು.

“ಅವರು ಕೊಡ್ತೀನಿ ಅಂದರಾ?”

“ಇಲ್ಲ.”

“ಕೊಡಲ್ಲ ಅಂದರಾ?”

“ಇಲ್ಲ.”

“ಮತ್ತೆ ಏನಂದರು?”

ಅದಕ್ಕೆ ಆ ಮನೆಯಲ್ಲಿ ಕೈಮಾತೇ ಇರಲಿಲ್ಲ. ಮಗು ಬೆರಳುಗಳನ್ನು ಕಣ್ಣಿನ ಮುಂದೆ ಬಿಡಿಸಿ ಮೆಲ್ಲಗೆ ಆಡಿಸಿತು. ಎದುರಿನದು ಕಂಡೂ ಕಾಣದ ಹಾಗೆ.

“ಮಂಜು,” ಎಂದಳು ಅಮ್ಮ. “ಹಾಗಾದರೆ ಅದನ್ನೇ ಹೇಳಬೇಕಿತ್ತು. ಮಂಜಿದೆ ಅಂತ ಗೊತ್ತಾದರೆ ಮೆಲ್ಲಗೆ ನಡೀತೀನಿ. ನೀನು ಬಿಸಿಲು ಅಂದೆ, ನಾನು ಓಡಿದೆ.”

ಅವತ್ತಿನಿಂದ ಅದು ಮನೆಯ ಮಾತಾಯಿತು. ಸಾಲಗಾರ, ಶಾಲೆಯ ಹೆಡ್‌ಮಾಸ್ಟರು, ಬರುತ್ತೇನೆಂದು ಬಾರದ ನೆಂಟರು, ನಾಳೆ ಸರಿಹೋಗುತ್ತದೆ ಎನ್ನುವ ನಲ್ಲಿ ರಿಪೇರಿಯವನು, ಎಲ್ಲರಿಗೂ ಕಣ್ಣ ಮುಂದೆ ಆಡುವ ಅದೇ ಬೆರಳು. ಕೈಯಕ್ಕ ದೊಡ್ಡವಳಾಗಿ ಇದನ್ನೇ ಕಸುಬು ಮಾಡಿಕೊಂಡ ಮೇಲೂ ಅದು ಅವಳ ಮೊದಲ ನಿಯಮ. ಬಿಸಿಲಿಗೆ ಬಿಸಿಲು, ಮಂಜಿಗೆ ಮಂಜು.

*

ತಮ್ಮ ಬಾಟಲಿ ಕಾರ್ಖಾನೆಗೆ ಸೇರಿದ. ಬಳಸಿದ ಗಾಜಿನ ಬಾಟಲಿಗಳನ್ನು ತೊಳೆದು, ತುಂಬಿ, ಮುಚ್ಚಳ ಹಾಕುವ ದೊಡ್ಡ ಹಜಾರ ಅದು. ಸಾವಿರಾರು ಬಾಟಲಿಗಳು ಒಂದಕ್ಕೊಂದು ತಾಗುತ್ತ ಯಂತ್ರದ ಪಟ್ಟಿಯ ಮೇಲೆ ಸಾಗುವ ಸದ್ದು ಎಂಥದೆಂದರೆ, ಒಳಗೆ ಹೋಗುವವರೆಲ್ಲ ದಪ್ಪ ಕಿವಿಮುಚ್ಚಿಗೆ ಹಾಕಿಕೊಳ್ಳಲೇಬೇಕು. ಹಾಕಿಕೊಂಡ ಮೇಲೆ ಎಲ್ಲರೂ ಕಿವುಡರೇ. ಅವನು ಸೇರುವ ಮೊದಲು ಅಲ್ಲಿ ಜನ ಒಬ್ಬರ ಭುಜ ಒಬ್ಬರು ಹಿಡಿದು ಅಲುಗಾಡಿಸಿ, ಕಿವಿಮುಚ್ಚಿಗೆ ಎತ್ತಿ, ಒಳಕ್ಕೆ ಕಿರುಚುತ್ತಿದ್ದರಂತೆ. ಅವನು ಬಂದ ವರ್ಷದೊಳಗೆ ಹಜಾರದ ಈ ತುದಿಯಿಂದ ಆ ತುದಿಗೆ ಕೈಯಲ್ಲೇ ಜೋಕು ಹಾರತೊಡಗಿತು. ಗಾಜು ಒಡೆದಿದೆ, ನೀರು ಹೆಚ್ಚು ಬಿಸಿಯಾಗಿದೆ, ಪಟ್ಟಿ ನಿಲ್ಲಿಸು, ಸಾಲು ಶುರು ಮಾಡು, ನಿನ್ನ ಹೆಂಡತಿ ಗೇಟಿನ ಹತ್ತಿರ ಬಂದಿದ್ದಾಳೆ ಓಡು. ಎಲ್ಲ ಅವನು ಕಲಿಸಿದ್ದೇ. ಅಲ್ಲಿ ಅವನ ಹೆಸರು ಮೇಷ್ಟ್ರು.

ಹಜಾರದ ಮೇಲ್ವಿಚಾರಕ ನಿವೃತ್ತನಾಗುತ್ತಿದ್ದ. ಆ ಜಾಗ ತನಗೆ ಬೇಕು ಎಂದು ತಮ್ಮ ಅರ್ಜಿ ಹಾಕಿದ. ಅದು ಎರಡನೆಯ ಸಲ. ಮೊದಲ ಸಲ ಬೆಳಗಿನ ಪಾಳಿಯ ಮೇಲ್ವಿಚಾರಕನ ಜಾಗ ಖಾಲಿಯಾದಾಗ ಕೈಯಕ್ಕ ಜ್ವರದಲ್ಲಿ ಮಲಗಿದ್ದಳು. ಊರಿನ ಇನ್ನೊಬ್ಬ ದುಭಾಷಿ, ಹೂವಿನಂಥ ಮನಸ್ಸಿನ ಮುದುಕರು, ಜೊತೆಗೆ ಹೋಗಿದ್ದರು. ಮ್ಯಾನೇಜರ್ ಉದ್ದಕ್ಕೆ ಏನೋ ಹೇಳಿದರು. ಮುದುಕರು ಹುಡುಗನ ಮುಖ ನೋಡಲಾರದೆ, “ಮುಂದಿನ ಸಲ ನಿನಗೇ,” ಎಂದು ಕೈಯಾಡಿಸಿದರು. ತಮ್ಮ ಆ ಮಾತನ್ನು ನಂಬಿಕೊಂಡು, ಪಕ್ಕದ ಊರಿನಿಂದ ಬಂದ ಬೇರೆ ಕೆಲಸವನ್ನೂ ಬಿಟ್ಟು ಕಾದಿದ್ದ.

ಈ ಸಲ ಇಂಗ್ಲಿಷಿನಲ್ಲಿ ಒಂದು ನೋಟಿಸು ಗೋಡೆಗೆ ಬಿತ್ತು. ಮೇಲ್ವಿಚಾರಕ ಆಗಬೇಕಾದವರು ಮೀಟಿಂಗ್ ಕೋಣೆಯಲ್ಲಿ ಮ್ಯಾನೇಜರ್ ಎದುರು ನಿಂತು ಸುರಕ್ಷತೆಯ ಬಗ್ಗೆ ಬಾಯಿಮಾತಿನಲ್ಲಿ ಸೂಚನೆ ಕೊಟ್ಟು ತೋರಿಸಬೇಕು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪರೀಕ್ಷೆ. ನಮ್ಮ ಸಂಸ್ಥೆ ಸಮಾನತೆಗೆ ಬದ್ಧ.

ತಮ್ಮ ಅದನ್ನು ಫೋನಿನಲ್ಲಿ ಚಿತ್ರ ತೆಗೆದು ತಂದು ಅಕ್ಕನಿಗೆ ತೋರಿಸಿದ.

“ಇವರ ಹತ್ತಿರ ಮಾತಾಡಬೇಕು. ನೀನು ಬರ್ತೀಯಾ?”

“ಬರದೆ ಏನು. ನಾನೇ ಕೇಳ್ತೀನಿ ಅವರನ್ನ, ಇದೆಂಥ ನ್ಯಾಯ ಅಂತ.”

“ಬೇಡ,” ಎಂದ ಅವನು. “ಬರೋದಾದರೆ ದುಭಾಷಿಯಾಗಿ ಬಾ. ಅಕ್ಕನಾಗಿ ಬರೋದಾದರೆ ಮನೇಲೇ ಇರು.”

*

ಮ್ಯಾನೇಜರ್ ಬೇರೆ ಕಡೆಯಿಂದ ಬಂದವರು, ಇಂಗ್ಲಿಷಿನಲ್ಲೇ ಮಾತಾಡುವವರು. ತಮ್ಮ ಅದಕ್ಕೆಂದೇ ಸಂಜೆಯ ಇಂಗ್ಲಿಷ್ ತರಗತಿಗೆ ಸೇರಿದ್ದ. ಗ್ರಂಥಾಲಯದ ಮೇಲಿನ ಕೋಣೆ. ದೊಡ್ಡವರಿಗೆಂದೇ ನಡೆಯುವ ತರಗತಿ. ಒಂದಷ್ಟು ಜನ ಕಿವುಡರು, ಒಂದಷ್ಟು ಜನ ಕೇಳಿಸುವವರು. ಮೇಡಂ ಪಾಠ ಹೇಳುತ್ತಿದ್ದರೆ ಕೈಯಕ್ಕ ಪಕ್ಕದಲ್ಲಿ ನಿಂತು ದಾಟಿಸುತ್ತಿದ್ದಳು. ಕಾವಲುಗಾರ ದಿನವೂ ಕುರ್ಚಿಗಳನ್ನು ಒಂದರ ಹಿಂದೆ ಒಂದು ನೇರ ಸಾಲಿನಲ್ಲಿ ಜೋಡಿಸಿರುತ್ತಿದ್ದ. ಕಿವುಡರು ದಿನವೂ ಬಂದವರೇ ಅವನ್ನು ಎಳೆದಾಡಿ ಅರ್ಧ ಚಂದ್ರ ಮಾಡಿಕೊಳ್ಳುತ್ತಿದ್ದರು. ಸಾಲಿನಲ್ಲಿ ಕೂತರೆ ಮುಂದಿನವನ ಬೆನ್ನು ಕಾಣುತ್ತದೆಯೇ ಹೊರತು ಕೈ ಕಾಣುವುದಿಲ್ಲ. ಬೆನ್ನು ಮಾತಾಡುವುದಿಲ್ಲವಲ್ಲ.

ಆ ವಾರ ತಮ್ಮನೇ ಮೇಡಂಗೆ ಫೋನಿನ ಚಿತ್ರ ತೋರಿಸಿ, ಈ ‘ಈಕ್ವಲ್’ ಅನ್ನುವ ಮಾತಿನ ಬೇರು ಬಿಳಲು ಎಲ್ಲ ಬೇಕು ಎಂದ. ಮೇಡಂ ಖುಷಿಯಾದರು. ಮಾತಿನ ಮನೆತನ ಹೇಳುವುದೆಂದರೆ ಅವರಿಗೆ ಮದುವೆಮನೆಯಲ್ಲಿ ನೆಂಟಸ್ತನ ಬಿಡಿಸಿದ ಹಾಗೆ.

“ಹಳೆಯ ಲ್ಯಾಟಿನ್ ಭಾಷೆಯಲ್ಲಿ ಇದರ ಮೂಲಕ್ಕೆ ಸಮತಟ್ಟು ಅಂತ ಅರ್ಥ,” ಎಂದರು. “ಏರಿಳಿತ ಇಲ್ಲದ ನೆಲ. ಈಕ್ವಲ್ ಅಂದರೆ ಸಮ.”

ಕೈಯಕ್ಕ ಎರಡು ಅಂಗೈಗಳನ್ನು ಎದೆಯ ಮುಂದೆ ಒಂದೇ ಎತ್ತರಕ್ಕೆ ಹಿಡಿದಳು. ಅದು ಎಲ್ಲರಿಗೂ ಗೊತ್ತಿದ್ದ ಕೈಮಾತು.

“ಈಕ್ವಿಟಬಲ್ ಅಂತ ಇನ್ನೊಂದಿದೆ. ಅದು ಅವಳ ತಂಗಿ, ಆದರೆ ಗುಣ ಬೇರೆ.” ಮೇಡಂ ಕೋಣೆಯನ್ನೊಮ್ಮೆ ನೋಡಿದರು. “ಕಾವಲುಗಾರ ಎಲ್ಲರಿಗೂ ಒಂದೇ ಥರದ ಕುರ್ಚಿ ಹಾಕಿ, ಒಂದೇ ದಿಕ್ಕಿಗೆ ತಿರುಗಿಸಿಟ್ಟಿರುತ್ತಾನೆ. ಅದು ಈಕ್ವಲ್. ನೀವು ಬಂದು ತಿರುಗಿಸಿಕೊಂಡಿರಲ್ಲ, ಎಲ್ಲರಿಗೂ ಎಲ್ಲರೂ ಕಾಣೋ ಹಾಗೆ, ಅದು ಈಕ್ವಿಟಬಲ್.”

ಅರ್ಧ ಚಂದ್ರದಲ್ಲಿ ಕೂತವರೆಲ್ಲ ತಮ್ಮ ತಮ್ಮ ಕುರ್ಚಿಯನ್ನು ಹೊಸದಾಗಿ ನೋಡಿಕೊಂಡರು. ಇದಕ್ಕೆ ಕೈಮಾತು ಇರಲಿಲ್ಲ. ಕೈಯಕ್ಕ ತಾನೇ ಒಂದು ಹುಟ್ಟಿಸಿಕೊಡಲಿಲ್ಲ. ಹಾಗೆ ಮಾಡುವ ಪದ್ಧತಿ ಇಲ್ಲ. ಸುಮ್ಮನೆ ನಿಂತು ಕಾದಳು. ತರಗತಿಗೆ ಬರುತ್ತಿದ್ದ ನರ್ಸಮ್ಮ ಒಂದು ಮಾಡಿದರು, ಬಣ್ಣ ಬಳಿಯುವವನು ಬೇಡವೆಂದ. ಅವನದನ್ನು ನೋಡಿ ಎಲ್ಲರೂ ನಕ್ಕರು. ಅದು ಕೋಳಿ ಹಿಡಿಯುವ ಹಾಗಿತ್ತು. ಕೊನೆಗೆ ತಮ್ಮ ಸಮವಾಗಿ ಹಿಡಿದ ಎರಡು ಅಂಗೈಗಳನ್ನು ಒಂದಕ್ಕೊಂದು ಎದುರಾಗುವಂತೆ ಮೆಲ್ಲಗೆ ಒಳಕ್ಕೆ ತಿರುಗಿಸಿದ, ಕುರ್ಚಿ ತಿರುಗಿಸಿದ ಹಾಗೆ. ಎಲ್ಲರೂ ಒಮ್ಮೆ ಮಾಡಿ ನೋಡಿದರು. ಕೈಗೆ ಹಿತವಾಗಿ ಕೂತಿತು. ಮಾತು ಹುಟ್ಟಿತು.

“ಈಕ್ವಿವಲೆಂಟ್,” ಎಂದರು ಮೇಡಂ. “ರೂಪ ಬೇರೆ, ಬೆಲೆ ಒಂದೇ. ನಾನು ಬಾಯಲ್ಲಿ ಹೇಳ್ತಿದ್ದೀನಿ, ಕೈಯಕ್ಕ ಕೈಯಲ್ಲಿ ಹೇಳ್ತಿದ್ದಾಳೆ. ಎರಡೂ ಈಕ್ವಿವಲೆಂಟ್. ಅಥವಾ ಅವಳದೇ ಒಂದು ಕೈ ಮೇಲೆ ಅನ್ನಿ, ನಂಗೇನು ಗೊತ್ತಾಗುತ್ತೆ?”

“ಮೇಡಂ ಇವತ್ತು ತುಂಬ ಚೆನ್ನಾಗಿ ಕಾಣ್ತಿದ್ದಾರೆ ಅಂತ ಹೇಳ್ತಿದ್ದೀನಿ,” ಎಂದಳು ಕೈಯಕ್ಕ, ಬಾಯಲ್ಲೂ ಕೈಯಲ್ಲೂ.

ಆಮೇಲೆ ಮೇಡಂ ಹಲಗೆಯ ಮೇಲೆ ಈಕ್ವಿವೋಕಲ್ ಎಂದು ಬರೆದರು. ಇದೂ ಅದೇ ಸಮತಟ್ಟಿನ ವಂಶದ್ದೇ, ಆದರೆ ಮನೆ ಬಿಟ್ಟು ಕೆಟ್ಟ ಸಹವಾಸಕ್ಕೆ ಬಿದ್ದದ್ದು ಎಂದರು. ಒಂದೇ ಮಾತಿನೊಳಗೆ ಎರಡು ದನಿ, ಎರಡೂ ಸಮಸಮ. ಹೌದು ಎಷ್ಟು ಕೇಳಿಸುತ್ತದೋ ಅಲ್ಲ ಎಂಬುದೂ ಅಷ್ಟೇ ಕೇಳಿಸಬೇಕು. ಅದರ ಕೆಳಗೆ ಆಂಬಿಗ್ಯುಅಸ್ ಎಂದು ಬರೆದು, ಇದೂ ಎರಡು ದಾರಿಯ ಮಾತೇ, ಆದರೆ ವಂಶ ಬೇರೆ ಎಂದರು.

“ಹಾಗಾದರೆ ಎರಡಕ್ಕೂ ಏನು ವ್ಯತ್ಯಾಸ?” ಕೇಳಿದವನು ತಮ್ಮ.

ಮೇಡಂ ಸೀಮೆಸುಣ್ಣವನ್ನು ಬೆರಳಲ್ಲಿ ಉರುಳಿಸುತ್ತ ಯೋಚಿಸಿದರು. “ಆಂಬಿಗ್ಯುಅಸ್ ಯಾರ ತಪ್ಪೂ ಇಲ್ಲದೆಯೂ ಆಗಬಹುದು. ವಿಷಯವೇ ಸ್ಪಷ್ಟ ಇಲ್ಲದಿದ್ದರೆ, ಹೇಳೋನಿಗೇ ಗೊತ್ತಿಲ್ಲದಿದ್ದರೆ. ಈಕ್ವಿವೋಕಲ್ ಅಂದಾಗ ಸಾಮಾನ್ಯವಾಗಿ ಒಂದು ಅನುಮಾನ ಇರುತ್ತೆ, ಈ ಮನುಷ್ಯ ಬೇಕು ಅಂತಲೇ ಎರಡು ದೋಣಿಲಿ ಕಾಲಿಟ್ಟಿದ್ದಾನೆ ಅಂತ.”

ತಮ್ಮ ಅಕ್ಕನ ಕಡೆ ನೋಡಿದ. ಅವನ ಕಣ್ಣಲ್ಲಿ ಮಿಂಚಿದ್ದು ಏನೆಂದು ಅವಳಿಗೆ ಗೊತ್ತಾಯಿತು. ಆಂಬಿಗ್ಯುಅಸ್ ಎಂಬುದಕ್ಕೆ ಅವನು ಕಣ್ಣ ಮುಂದೆ ಬೆರಳು ಬಿಡಿಸಿ ಆಡಿಸಿದ. ಮನೆಯ ಮಂಜು. ಈಕ್ವಿವೋಕಲ್‌ಗೆ ಅದೇ ಬೆರಳುಗಳನ್ನು ಬಾಯಿಂದ ಹೊರಡಿಸಿ ಕಣ್ಣಿನ ಮುಂದೆ ತಂದ.

“ಹೊಗೆ,” ಎಂದ. “ಮಂಜು ತಾನಾಗಿ ಬರುತ್ತೆ. ಹೊಗೆ ಯಾರೋ ಬಿಡ್ತಾರೆ. ಎರಡರಲ್ಲೂ ಕಾಣಿಸೋದು ಅಷ್ಟೇ.”

ಮೇಡಂಗೆ ಕೈಯಕ್ಕ ಇದನ್ನು ದನಿಯಲ್ಲಿ ಹೇಳಿದಾಗ ಅವರು ಸೀಮೆಸುಣ್ಣ ಕೆಳಗಿಟ್ಟು, ತಾವೂ ಒಮ್ಮೆ ಮಾಡಿ ನೋಡಿ, “ಇನ್ನು ಮೇಲೆ ನಾನು ಹೀಗೇ ಪಾಠ ಹೇಳ್ತೀನಿ,” ಎಂದರು.

*

ಮ್ಯಾನೇಜರರನ್ನು ಕಾಣುವ ದಿನ ಅಮ್ಮ ಹೊಲಿಗೆ ಬಿಟ್ಟೆದ್ದು ಮಗನ ಕಾಲರು ಸರಿಮಾಡಿದಳು. ಆಮೇಲೆ ಮಗಳ ಮಣಿಕಟ್ಟು ಹಿಡಿದುಕೊಂಡಳು. ಕೈ ಹಿಡಿದುಕೊಂಡರೆ ಆ ಮನೆಯಲ್ಲಿ ಬಾಯಿ ಮುಚ್ಚಿಸಿದ ಹಾಗೆ.

“ನೀನು ಅವನ ಪರ ಮಾತಾಡಬೇಡ,” ಎಂದಳು ಕೈ ಬಿಟ್ಟು. “ಅವರ ಪರವೂ ಬೇಡ. ಗೊತ್ತಲ್ಲ?”

“ಗೊತ್ತು ಕಣಮ್ಮ. ಎಷ್ಟು ವರ್ಷದಿಂದ ಮಾಡ್ತಿದ್ದೀನಿ.”

“ಹೊರಗಿನವರಿಗೆ ಮಾಡ್ತಿದ್ದೀಯ. ಅದು ಸುಲಭ.”

ಮೀಟಿಂಗ್ ಕೋಣೆಯ ಹೊರಗೆ ಬೆಂಚಿನ ಮೇಲೆ ಇನ್ನೊಬ್ಬ ಅಭ್ಯರ್ಥಿ ಕೂತಿದ್ದ. ದೊಡ್ಡ ದನಿಯವನು, ಅದಕ್ಕೇ ಅವನಿಗೆ ಗಂಟಲಣ್ಣ ಎಂದು ಹೆಸರು. ತಮ್ಮನ ಸ್ನೇಹಿತನೇ. ಇವರನ್ನು ಕಂಡು ಕೈಯಲ್ಲಿ, “ಏನು ಮೇಷ್ಟ್ರೇ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಅಕ್ಕನ್ನೂ ಕರ್ಕೊಂಡು ಬಂದ್ರಾ?” ಎಂದ.

“ನಿನ್ನ ಹೊಟ್ಟೆಗೆ ಒಬ್ಬರು ಸಾಲಲ್ಲ ಅಂತ,” ಎಂದ ತಮ್ಮ.

ಮ್ಯಾನೇಜರ್ ಒಳ್ಳೆಯ ಮನುಷ್ಯ. ಎದ್ದು ನಿಂತು ಕುರ್ಚಿ ತೋರಿಸಿದರು. ಮೇಜಿನ ಮೇಲೆ ಅವರ ಮಗಳು ಬಿಡಿಸಿದ ಆನೆಯ ಚಿತ್ರ ಅಂಟಿಸಿದ ಲೋಟ ಇತ್ತು. ಕೈಯಕ್ಕ ಅವರ ಪಕ್ಕ, ಒಂದು ಹೆಜ್ಜೆ ಹಿಂದೆ ನಿಂತಳು. ತಮ್ಮ ಎದುರಿಗೆ.

ಅವನು ಶುರು ಮಾಡಿದ. ಅವಳು ದನಿಯಾದಳು. “ನೋಟಿಸಿನಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಅಂತ ಇದೆ. ಅದು ಈಕ್ವಲ್, ಒಪ್ಪಿದೆ. ಆದರೆ ಬಾಯಿಮಾತಿನ ಪರೀಕ್ಷೆಯಲ್ಲಿ ನಾನು ಸೋಲೋದು ನನಗೆ ಹಜಾರದ ಕೆಲಸ ಬರಲ್ಲ ಅಂತಲ್ಲ, ಬಾಯಿಮಾತು ಬರಲ್ಲ ಅಂತ. ನಾನು ರಿಯಾಯಿತಿ ಕೇಳ್ತಿಲ್ಲ. ಈಕ್ವಿವಲೆಂಟ್ ಆದ ಇನ್ನೊಂದು ಪರೀಕ್ಷೆ ಕೊಡಿ. ಅಷ್ಟೇ ಕಷ್ಟದ್ದು. ಬೇಕಾದರೆ ಇನ್ನೂ ಕಷ್ಟದ್ದು.”

ಮ್ಯಾನೇಜರ್ ತಲೆಯಾಡಿಸುತ್ತ ಕೇಳಿದರು. ಆಮೇಲೆ ಮಾತಾಡಿದರು. ಮಾತು ‘ಖಂಡಿತವಾಗಿ’ ಎಂದು ಶುರುವಾಯಿತು. ನಿಮ್ಮಂಥ ಕೆಲಸಗಾರರು ಸಂಸ್ಥೆಯ ಹೆಮ್ಮೆ ಎಂಬಲ್ಲಿಗೆ ಹೋಗಿ, ಸಮಾನತೆಯ ತತ್ವಕ್ಕೆ ಧಕ್ಕೆ ಬಾರದಂತೆ ಎಂಬಲ್ಲಿ ಬಳಸಿ, ಎಲ್ಲ ಅಂಶಗಳನ್ನೂ ಗಮನದಲ್ಲಿಟ್ಟು ಸೂಕ್ತ ಕಾಲದಲ್ಲಿ ಪೂರ್ಣ ಸಹಾನುಭೂತಿಯಿಂದ ಪರಿಶೀಲಿಸಬಹುದಾದ ಸಾಧ್ಯತೆಯನ್ನು ತಾವು ತಳ್ಳಿಹಾಕುವುದಿಲ್ಲ ಎಂಬಲ್ಲಿ ಬಂದು ನಿಂತಿತು.

ಕೈಯಕ್ಕ ಕೈ ಎತ್ತಿದಳು. ತಮ್ಮ ಅವಳ ಕೈಯನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ಜಾರುಬಂಡಿಯ ತುದಿಯಲ್ಲಿ ಕೂತು ಕೆಳಗೆ ನಿಂತ ಅಕ್ಕನ ಕೈಯನ್ನು ನೋಡುತ್ತಿದ್ದ ಹಾಗೆ. ಅವಳ ಎಡಗೈ ಹಗುರವಾಗಿ ‘ಹೌದು’ ಎಂಬ ಕಡೆಗೆ ವಾಲಿತು. ಒಂದಿಷ್ಟು ವಾಲಿದರೆ ಸಾಕು. ಅವನ ಮುಖ ಅರಳುತ್ತದೆ. ಅವತ್ತು ಅಮ್ಮನ ಹೊಲಿಗೆ ಯಂತ್ರ ಮೆಟ್ಟಿಲಿಳಿದು ಹಿಂದಕ್ಕೆ ಬರುತ್ತಿದ್ದದ್ದು ಅವಳ ಕಣ್ಣಿಗೆ ಕಟ್ಟಿತು, ಅದರ ಕಬ್ಬಿಣದ ಕಾಲು ಗೋಡೆಗೆ ಉಜ್ಜಿ ಸುಣ್ಣ ಉದುರಿದ್ದು ಕೂಡ. ಅವಳು ಎಡಕ್ಕೆ ‘ಹೌದು’ ಇಟ್ಟಳು, ಬಲಕ್ಕೆ ‘ಇಲ್ಲ’ ಇಟ್ಟಳು. ಎರಡನ್ನೂ ಒಂದೇ ಎತ್ತರಕ್ಕೆ, ಒಂದು ಕೂದಲೆಳೆ ಹೆಚ್ಚು ಕಡಿಮೆ ಇಲ್ಲದೆ. ಹೆಮ್ಮೆ, ತತ್ವ, ಸಹಾನುಭೂತಿ ಎಲ್ಲವನ್ನೂ ಅವುಗಳ ನಡುವೆ ನಡೆಸಿ, ಯಾವ ಕಡೆಗೂ ಹೋಗದೆ ಕೈ ನಿಲ್ಲಿಸಿದಳು. ಮುಖದಲ್ಲೂ ಏನನ್ನೂ ಬರಗೊಡಲಿಲ್ಲ.

ತಮ್ಮ ಸ್ವಲ್ಪ ಹೊತ್ತು ಆ ಎರಡು ಖಾಲಿ ಜಾಗಗಳನ್ನು ನೋಡಿದ. ಆಮೇಲೆ ಮ್ಯಾನೇಜರ್ ಕಡೆ ತಿರುಗಿ ಕೈಯಾಡಿಸಿದ.

“ಇದು ಮಂಜೋ, ಹೊಗೆಯೋ?” ಎಂದಳು ಕೈಯಕ್ಕ ಇಂಗ್ಲಿಷಿನಲ್ಲಿ.

“ಏನಂದಿರಿ?”

ಅವಳು ಅದನ್ನೂ ತಮ್ಮನಿಗೆ ದಾಟಿಸಿದಳು. ಅವನು ನಿಧಾನವಾಗಿ ಬಿಡಿಸಿ ಹೇಳಿದ. “ನಿಮಗೇ ಇನ್ನೂ ಗೊತ್ತಿಲ್ಲದಿದ್ದರೆ ಅದು ಮಂಜು. ಮಂಜಾದರೆ ಕಾಯ್ತೀನಿ, ಬಿಸಿಲು ಬಂದ ಮೇಲೆ ದಾರಿ ಕಾಣುತ್ತೆ. ಗೊತ್ತಿದ್ದೂ ಹೇಳ್ತಿಲ್ಲ ಅಂದರೆ ಹೊಗೆ. ಹೋದ ಸಲ ಹೊಗೆಯಲ್ಲಿ ತುಂಬ ದಿನ ಕೂತಿದ್ದೆ. ಈ ಸಲ ಆಗಲ್ಲ, ಕೆಮ್ಮು ಬರುತ್ತೆ.”

ಮ್ಯಾನೇಜರ್ ಅವನನ್ನು ಬಿಟ್ಟು ಅವಳ ಕಡೆ ನೋಡಿದರು. “ನೀವು ಇವರ ಅಕ್ಕ ಅಲ್ವಾ? ನಿಮಗೆ ಏನನ್ನಿಸುತ್ತೆ?”

ಅವಳ ಬಾಯಿಗೆ ಬಂದದ್ದು ಬಹಳ ಇತ್ತು. ವರ್ಷಾನುಗಟ್ಟಲೆಯದು ಇತ್ತು. ಅವಳು ಮೊದಲು ಆ ಪ್ರಶ್ನೆಯನ್ನು ತಮ್ಮನಿಗೆ ಕೈಯಲ್ಲಿ ಹೇಳಿದಳು. ಆಮೇಲೆ, “ಇಲ್ಲಿ ನಾನು ದುಭಾಷಿ ಸರ್,” ಎಂದಳು. “ಅವರನ್ನೇ ಕೇಳಿ.”

ಕೋಣೆಯಲ್ಲಿ ಗಡಿಯಾರದ ಸದ್ದು ಅವರಿಬ್ಬರಿಗೆ ಮಾತ್ರ ಕೇಳಿಸಿತು. ಮ್ಯಾನೇಜರ್ ಆನೆಯ ಲೋಟವನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ, ಮತ್ತೆ ಆ ಕಡೆಗೆ ಸರಿಸಿ, ಕೊನೆಗೆ ಮೊದಲ ಸಲ ತಮ್ಮನ ಕಣ್ಣನ್ನೇ ನೋಡಿಕೊಂಡು ಮಾತಾಡಿದರು.

“ಹೋದ ಸಲದ್ದು ಹೊಗೆ,” ಎಂದರು. “ಒಪ್ಪಿಕೊಳ್ತೀನಿ. ಈ ಸಲದ್ದು ಮಂಜೇ. ನನಗೆ ನಿಜವಾಗಿ ಗೊತ್ತಿಲ್ಲ. ನೀವು ಒಳ್ಳೆ ಕೆಲಸಗಾರರು ಅಂತ ಗೊತ್ತು. ಹೊಸಬರಿಗೆ ನೀವು ಹೇಗೆ ಎಚ್ಚರಿಕೆ ಹೇಳ್ತೀರಿ, ಬಾಯ್ಲರ್ ಕೋಣೆಯಿಂದ ಫೋನ್ ಬಂದರೆ ಏನು ಮಾಡ್ತೀರಿ, ಅದು ಗೊತ್ತಿಲ್ಲ. ಕೇಳೋಕೆ ಸಂಕೋಚ.”

ಕೈಯಕ್ಕನ ಕೈ ಈಗ ಗಾಳಿಯಲ್ಲಿ ಸಲೀಸಾಗಿ ಓಡಿತು. ಈ ಮಾತಿಗೆ ತಲೆ ಇತ್ತು, ಕಾಲು ಇತ್ತು. ದಾಟಿಸುವುದಕ್ಕೆ ಏನೂ ಕಷ್ಟವಿರಲಿಲ್ಲ.

“ಫೋನು ಈಗಲೂ ಹಜಾರದಲ್ಲಿ ಯಾರಿಗೂ ಕೇಳಿಸಲ್ಲ ಸರ್,” ಎಂದ ತಮ್ಮ. “ಕೆಂಪು ದೀಪ ಹತ್ತುತ್ತೆ. ಯಾರಾದರೂ ನೋಡಿದವರು ಹೊರಗೆ ಹೋಗಿ ಮಾತಾಡ್ತಾರೆ, ಎಷ್ಟೋ ಸಲ ಯಾರೂ ಹೋಗಲ್ಲ. ನಾನು ಅದಕ್ಕೆ ಪಾಳಿಗೊಬ್ಬರನ್ನ ಗೊತ್ತು ಮಾಡ್ತೀನಿ. ಎಚ್ಚರಿಕೆ ಹೇಗೆ ಹೇಳ್ತೀನಿ ಅನ್ನೋದನ್ನ ಇಲ್ಲಿ ಹೇಳಿದರೆ ಪ್ರಯೋಜನ ಇಲ್ಲ. ಹಜಾರಕ್ಕೆ ಬನ್ನಿ. ಪರೀಕ್ಷೆ ಅಲ್ಲೇ ಮಾಡಿ, ಯಂತ್ರ ಓಡ್ತಿರುವಾಗ. ಗಂಟಲಣ್ಣನಿಗೂ ಅಲ್ಲೇ ಮಾಡಿ. ಇಬ್ಬರಿಗೂ ಒಂದೇ.”

ಮ್ಯಾನೇಜರ್ ಯೋಚಿಸಿದರು. “ಅದು ಈಕ್ವಲ್ಲೂ ಆಯಿತು, ಅಲ್ವಾ?” ಎಂದರು.

“ಅದಕ್ಕೆ ಇನ್ನೊಂದು ಮಾತಿದೆ,” ಎಂದ ತಮ್ಮ, ಅಂಗೈಗಳನ್ನು ಒಳಕ್ಕೆ ತಿರುಗಿಸಿ. “ಕುರ್ಚಿ ತಿರುಗಿಸೋದು ಅಂತ.”

*

ಹಜಾರದ ಬಾಗಿಲಲ್ಲಿ ಎಲ್ಲರಿಗೂ ಕಿವಿಮುಚ್ಚಿಗೆ ಕೊಟ್ಟರು. ಕೈಯಕ್ಕನಿಗೂ. ಹಾಕಿಕೊಂಡ ಕೂಡಲೇ ಬಾಟಲಿಗಳ ಕಲಕಲ ದೂರದ ಮಳೆಯ ಹಾಗಾಗಿ, ಅವಳಿಗೆ ತಾನು ಹುಟ್ಟಿ ಬೆಳೆದ ಮನೆಗೆ ಬಂದಂತಾಯಿತು.

ಹೊಸದಾಗಿ ಸೇರಿದ ಕೆಲಸಗಾರರನ್ನು ತೊಳೆಯುವ ಯಂತ್ರದ ಮುಂದೆ ನಿಲ್ಲಿಸಿದ್ದರು. ಅಭ್ಯರ್ಥಿ ಅವರಿಗೆ ಸೂಚನೆ ಕೊಡಬೇಕು; ಅವರು ಮಾಡಿ ತೋರಿಸಬೇಕು. ಮೊದಲು ಗಂಟಲಣ್ಣ. ಅಭ್ಯಾಸ ಬಲದಿಂದ ಎದೆಯುಬ್ಬಿಸಿ ಬಾಯಿ ತೆರೆದ. ಕತ್ತಿನ ನರ ಉಬ್ಬಿದ್ದು ಕಂಡಿತೇ ಹೊರತು ಮಾತು ಯಾರಿಗೂ ಮುಟ್ಟಲಿಲ್ಲ. ಒಬ್ಬ ಹೊಸಬ ತನ್ನ ಕಿವಿಮುಚ್ಚಿಗೆ ತೋರಿಸಿ ತಲೆಯಾಡಿಸಿದ. ಗಂಟಲಣ್ಣ ನಕ್ಕು, ಬಾಯಿ ಮುಚ್ಚಿ, ಕೈ ಎತ್ತಿದ. ಗಾಜು ಒಡೆದರೆ ಮುಟ್ಟಬೇಡಿ; ಪಟ್ಟಿ ನಿಲ್ಲಿಸುವ ಹಗ್ಗ ಎಳೆಯಿರಿ. ಸ್ವಲ್ಪ ಒರಟು ಕೈ, ತೊದಲುವ ಕೈ, ಆದರೆ ಅರ್ಥವಾಗುವಂಥದು. ಹೊಸಬರು ಹಗ್ಗ ಎಳೆದರು, ಎಳೆಯಬಾರದ ಹಗ್ಗ ಒಂದನ್ನೂ ಎಳೆದರು.

ಆಮೇಲೆ ತಮ್ಮ ಬಂದ. ಅವನು ಮೊದಲು ಏನನ್ನೂ ಹೇಳಲಿಲ್ಲ. ಸಾಲಾಗಿ ನಿಂತಿದ್ದ ಹೊಸಬರ ಭುಜ ಹಿಡಿದು ಒಬ್ಬೊಬ್ಬರನ್ನೇ ಸರಿಸಿ, ಅರ್ಧ ಚಂದ್ರ ಮಾಡಿದ. ಪ್ರತಿಯೊಬ್ಬರಿಗೂ ಯಂತ್ರ ಕಾಣಬೇಕು, ಅವನ ಕೈ ಕಾಣಬೇಕು, ಉಳಿದವರ ಮುಖವೂ ಕಾಣಬೇಕು. ಆಮೇಲೆ ಒಬ್ಬನ ಅಂಗೈಯನ್ನು ತೆಗೆದು ಪಟ್ಟಿಯ ಕಂಬಕ್ಕೆ ಒತ್ತಿ ಹಿಡಿದ. ಬಾಟಲಿ ಸರಿಯಾಗಿ ಸಾಗುವಾಗ ಕಂಬ ಹೇಗೆ ನಡುಗುತ್ತದೆ, ಸಿಕ್ಕಿಕೊಂಡಾಗ ಹೇಗೆ ನಡುಗುತ್ತದೆ. ಬಿಸಿನೀರಿನ ಕೊಳವೆ ತೋರಿಸಿ ಮುಖ ಹಿಂಡಿದ. ಹೊಸಬರು ಕೈ ಹಿಂದಕ್ಕೆ ಎಳೆದುಕೊಂಡರು. ಗಾಜು ಒಡೆದದ್ದನ್ನು ಅವನು ಮಾಡಿ ತೋರಿಸಿದಾಗ ಮ್ಯಾನೇಜರ್ ಕೂಡ ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ, ಯಾರಾದರೂ ತಪ್ಪಾಗಿ ತಿಳಿದುಕೊಂಡಿದ್ದಾರೆಯೇ ಎಂದು ಒಬ್ಬೊಬ್ಬರಿಂದಲೂ ವಾಪಸು ಹೇಳಿಸಿಕೊಂಡ. ಅರ್ಥವಾಯಿತೆಂದು ಸುಮ್ಮನೆ ತಲೆಯಾಡಿಸಿದ ಒಬ್ಬನ ಕಣ್ಣ ಮುಂದೆ ಬೆರಳು ಬಿಡಿಸಿ ಆಡಿಸಿ, ನಗುತ್ತ ಮತ್ತೊಮ್ಮೆ ಮೊದಲಿನಿಂದ ಹೇಳಿದ. ಆಗ ಆ ಕೆಂಪು ದೀಪ ಹತ್ತಿತು. ಬಾಯ್ಲರ್ ಕೋಣೆಯದು. ತಮ್ಮ ತಿರುಗದೆಯೇ ಎದುರಿನವನ ಕನ್ನಡಕದಲ್ಲಿ ಕೆಂಪು ಕಂಡು, ಬಾಗಿಲ ಬಳಿ ಇದ್ದ ಕೆಲಸಗಾರ್ತಿಯೊಬ್ಬಳನ್ನು ಫೋನಿಗೆ ಕಳಿಸಿದ. ಅದು ಪರೀಕ್ಷೆಯದಲ್ಲ, ನಿಜವಾದ ಫೋನೇ.

ಮ್ಯಾನೇಜರ್ ಗಂಟಲಣ್ಣನ ಕಡೆ ನೋಡಿದರು. ಗಂಟಲಣ್ಣ ತಮ್ಮನ ಕಡೆ ಬೆರಳು ತೋರಿಸಿ, ತನ್ನ ಎರಡು ಕೈಗಳನ್ನೂ ಮುಂದಕ್ಕೆ ಚಾಚಿ ತೋರಿಸಿದ. ಈ ಕೈ ಅವನೇ ಕಲಿಸಿದ್ದು.

ಕೈಯಕ್ಕ ಗೋಡೆಗೆ ಒರಗಿ ನಿಂತಿದ್ದಳು. ಮ್ಯಾನೇಜರ್ ಏನೋ ಹೇಳಲು ಅವಳತ್ತ ತಿರುಗಿ, ಬಾಯಿ ತೆರೆದು, ಇಲ್ಲಿ ಅವಳಿಗೂ ಕೇಳಿಸುವುದಿಲ್ಲ ಎಂಬುದು ನೆನಪಾಗಿ ನಿಂತರು. ಅವಳು ಕೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಅವರು ಸ್ವಲ್ಪ ತಡಬಡಿಸಿ, ತಮ್ಮನ ಎದುರಿಗೆ ಹೋಗಿ ನಿಂತರು. ‘ಹೌದು’ ಎನ್ನುವ ಕೈಮಾತು ಅವರಿಗೆ ಗೊತ್ತಿರಲಿಲ್ಲ. ಅರ್ಧ ಗಂಟೆಯಿಂದ ನೋಡಿ ಕಲಿತದ್ದು ಒಂದೇ. ಮುಷ್ಟಿಯನ್ನು ಎದೆಯಿಂದ ಮುಂದಕ್ಕೆ ತಂದು ಬೆರಳುಗಳನ್ನು ಬಿಡಿಸಿದರು, ಅದೂ ಎಡಗೈಯಲ್ಲಿ. ಸಾಲು ಶುರು ಮಾಡು.

ತಮ್ಮ ತನ್ನ ಎದೆ ಮುಟ್ಟಿ ತೋರಿಸಿದ. ನಾನೇ?

ಮ್ಯಾನೇಜರ್ ಅವನ ಎದೆಗೆ ಬೆರಳು ತೋರಿಸಿ, ಅದನ್ನೇ ಮತ್ತೊಮ್ಮೆ ಮಾಡಿದರು. ಈ ಸಲ ಬಲಗೈಯಲ್ಲಿ. ಅದರಲ್ಲಿ ಒಂದೇ ದನಿ ಇತ್ತು.

*

ಅಮ್ಮನಿಗೆ ತಮ್ಮನೇ ಎಲ್ಲ ಹೇಳಿದ. ಮೆಟ್ಟಿಲ ಮೇಲೆಯೇ ಶುರು ಮಾಡಿ, ಬಾಗಿಲಲ್ಲಿ ನಿಂತು, ಶೂ ಬಿಚ್ಚುತ್ತ ಒಂದೇ ಕೈಯಲ್ಲಿ. ಆನೆಯ ಲೋಟವನ್ನೂ ಬಿಡಲಿಲ್ಲ, ಎಳೆಯಬಾರದ ಹಗ್ಗವನ್ನೂ ಬಿಡಲಿಲ್ಲ. ಅಮ್ಮ ದಿಂಬಿನ ಚೀಲ ಮಡಿಲಲ್ಲಿಟ್ಟುಕೊಂಡು ಅವನ ಕೈಯಿಂದ ಕಣ್ಣು ತೆಗೆಯದೆ ಎಲ್ಲವನ್ನೂ ಕೇಳಿದಳು. ಎರಡು ಸಲ ಹೇಳಿಸಿದಳು. ಆಮೇಲೆ ಮಗಳ ಕಡೆ ತಿರುಗಿದಳು.

“ನೀನು ಏನು ಮಾಡಿದೆ?”

“ಮೊದಲರ್ಧ ಮಂಜನ್ನ ಮಂಜು ಅಂತ ಹೇಳಿದೆ,” ಎಂದಳು ಕೈಯಕ್ಕ. “ಆಮೇಲೆ ಏನೂ ಮಾಡಲಿಲ್ಲ. ಕೈ ಜೇಬಲ್ಲಿತ್ತು.”

ಅಮ್ಮ ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡು, ಆ ಎರಡು ಕೈಗಳನ್ನೂ ತನ್ನ ಕೈಯೊಳಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ಆಮೇಲೆ ಒಂದು ಕೈ ಬಿಟ್ಟು, ಪಕ್ಕದಲ್ಲಿದ್ದ ದಿಂಬಿನ ಚೀಲಗಳ ರಾಶಿಯನ್ನು ಅವಳ ಮಡಿಲಿಗೆ ತಳ್ಳಿದಳು.

“ಖಾಲಿ ಇದೆಯಲ್ಲ ಕೈ,” ಎಂದಳು. “ಇವನ್ನೆಲ್ಲ ಮಗುಚಿ ಕೊಡು.”